ಎಡಗಡೆ ಸೀಟಿನ ಅಕ್ಕ

ನಮ್ಮಕ್ಕನಿಗೆ ನಲವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೊಂದನ್ನು ಅವಳು ಕಾರಿನ ಎಡಗಡೆ ಸೀಟಿನಲ್ಲಿ ಕೂತು, ಪಕ್ಕದವರನ್ನು ಬೈಯುತ್ತಾ ಕಳೆದಿದ್ದಾಳೆ. ನಮ್ಮದು ಡ್ರೈವಿಂಗ್ ಸ್ಕೂಲು. ಬಲಗಡೆ ಸ್ಟೀರಿಂಗ್ ಹಿಡಿದು ಬೆವರುವವರು ಕಲಿಯುವವರು, ಎಡಗಡೆ ಇವಳು, ಇವಳ ಕಾಲ ಬುಡದಲ್ಲಿ ಇನ್ನೊಂದು ಬ್ರೇಕು. ಆ ಬ್ರೇಕಿನಿಂದ ಎಷ್ಟು ನಾಯಿಗಳು, ಎಷ್ಟು ಸೈಕಲ್ಲುಗಳು, ಎಷ್ಟು ಕಾಂಪೌಂಡ್ ಗೋಡೆಗಳು ಬದುಕಿಕೊಂಡಿವೆಯೋ ಲೆಕ್ಕವಿಲ್ಲ. ಊರೆಲ್ಲ ಅವಳನ್ನು ಕರೆಯುವುದೇ ಬ್ರೇಕ್ ಮೇಡಂ ಎಂದು. ತಮ್ಮನಾದ ನಾನು ಆಫೀಸಿನಲ್ಲಿ ಕೂತು ಅರ್ಜಿ ತುಂಬುತ್ತೇನೆ, ಸವೆದ ಕ್ಲಚ್ ಪ್ಲೇಟು ಬದಲಾಯಿಸುತ್ತೇನೆ, ಅವಳು ಬೈದು ಅಳಿಸಿದವರಿಗೆ ನೀರು ಕೊಟ್ಟು ಸಮಾಧಾನ ಮಾಡುತ್ತೇನೆ.

ಇಂಥವಳ ತಲೆಯಲ್ಲಿ ವಿಮಾನದ ಹುಳ ಬಿಟ್ಟವನು ಅವಳ ಕೈಕೆಳಗೇ ಕಲಿಯಲು ಬಂದ ಒಬ್ಬ ಮಹಾಶಯ. ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪುಟ್ಟ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು ಅವನು. ಎಲ್ಲರಿಗೂ ಕ್ಯಾಪ್ಟನ್. ಸಾವಿರಾರು ಗಂಟೆ ಆಕಾಶದಲ್ಲಿ ಕಳೆದ ಆ ಭೂಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ! ವಿಮಾನ ನೆಲದ ಮೇಲೆ ಉರುಳುವಾಗ ಕಾಲಲ್ಲಿ ಪೆಡಲ್ ಒತ್ತಿ ತಿರುಗಿಸಬೇಕಂತೆ. ಅದೇ ಅಭ್ಯಾಸಕ್ಕೆ ಇವನು ತಿರುವು ಬಂದಾಗಲೆಲ್ಲ ಸ್ಟೀರಿಂಗ್ ಮರೆತು ಕ್ಲಚ್ಚು ತುಳಿಯುತ್ತಿದ್ದ.

"ಕ್ಯಾಪ್ಟನ್ ಅಂತೆ ಕ್ಯಾಪ್ಟನ್! ಕೈಯೇನು ಮನೇಲಿ ಬಿಟ್ಟು ಬಂದಿದ್ದೀಯಾ?" ಎಂದು ಕೂಗುತ್ತಾ ಅಕ್ಕ ಬ್ರೇಕು ಒತ್ತುತ್ತಿದ್ದಳು.

ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದ ಖುಷಿಗೆ ಅವನು ಅವಳನ್ನು ವಿಮಾನದಲ್ಲಿ ಅರ್ಧ ಗಂಟೆ ಸುತ್ತಾಡಿಸಿದ. ಇಳಿದು ಬಂದವಳ ಮುಖ ನೋಡಬೇಕಿತ್ತು. ಕೂದಲು ಕೆದರಿ, ಕೆನ್ನೆ ಕೆಂಪಾಗಿ, ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ.

"ಲೋ, ನಾನು ಕಲೀತೀನಿ ಕಣೋ," ಎಂದಳು.

"ಏನನ್ನ?"

"ಇದನ್ನೇ. ಲೈಸೆನ್ಸ್ ತಗೋತೀನಿ."

ವಿಚಾರಿಸಿದೆ. ವಿಚಾರಿಸಿ ತಲೆ ಮೇಲೆ ಕೈಹೊತ್ತು ಕೂತೆ. ಕಡಿಮೆಯೆಂದರೂ ನಲವತ್ತು ಗಂಟೆ ಹಾರಬೇಕು. ಒಂದು ಗಂಟೆಗೆ ಕೊಡುವ ದುಡ್ಡು ನಮ್ಮಲ್ಲಿ ಇಬ್ಬರು ಪೂರ್ತಿ ಕೋರ್ಸು ಮುಗಿಸಿ ಕೊಡುವ ಫೀಸಿಗೆ ಸಮ. ಅಂದರೆ ಎಂಬತ್ತು ಜನರನ್ನು ಬೈದು ಬೈದು ಗಂಟಲು ಹರಿದುಕೊಳ್ಳಬೇಕು. ಅದರ ಮೇಲೆ ವೈದ್ಯರ ಪರೀಕ್ಷೆ, ಲಿಖಿತ ಪರೀಕ್ಷೆ, ರೇಡಿಯೋದಲ್ಲಿ ಮಾತಾಡಲೂ ಒಂದು ಪರೀಕ್ಷೆ, ಕಿವಿಗೆ ಹಾಕುವ ಹೆಡ್‌ಸೆಟ್ಟಿಗೆ ಬೇರೆ. ಇಷ್ಟೆಲ್ಲ ಸುರಿದ ಮೇಲೆ ಈ ಲೈಸೆನ್ಸಿನಿಂದ ಒಂದು ಬಿಡಿಗಾಸು ಸಂಪಾದಿಸುವ ಹಾಗಿಲ್ಲ, ಸ್ವಂತ ಖುಷಿಗೆ ಹಾರಬಹುದು ಅಷ್ಟೇ! ನನಗೆ ಮೈಯೆಲ್ಲ ಉರಿದು ಹೋಯಿತು.

ಭಾವ ಮಾತ್ರ ತಣ್ಣಗೆ ಹೇಳಿದರು: "ಹಾರ್ಲಿ ಬಿಡಪ್ಪ. ಅಷ್ಟು ಹೊತ್ತಾದ್ರೂ ಕೆಳಗಿರೋರಿಗೆ ನೆಮ್ಮದಿ."

ಕೊನೆಗೆ ಸ್ಕೂಲಿನ ಎರಡು ಕಾರಿನಲ್ಲಿ ಒಂದನ್ನು ಮಾರಿದೆವು. ಇಪ್ಪತ್ತು ಗಂಟೆಗೆ ಆಗುವಷ್ಟು ಬಂತು. ನಾನು ಷರತ್ತು ಹಾಕಿದೆ: ಈ ಇಪ್ಪತ್ತು ಗಂಟೆ ಮುಗಿಯುವುದರೊಳಗೆ ಕ್ಯಾಪ್ಟನ್ ಅವಳನ್ನು ಒಬ್ಬಳೇ ಹಾರಲು ಕಳಿಸಬೇಕು. ಕಳಿಸದಿದ್ದರೆ ಅಲ್ಲಿಗೆ ಆಟ ಬಂದ್, ಮತ್ತೆ ಆ ಮಾತು ಎತ್ತಬಾರದು.

"ಆಯ್ತು," ಎಂದಳು. ಅವಳು ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೇ ಭಯವಾಯಿತು.

ಅಬ್ಬಾ, ಆ ದಿನಗಳು! ಬೆಳಗಿನ ಜಾವ ಎದ್ದು ಮೊದಲು ಕಿಟಕಿ ತೆಗೆದು ಗಾಳಿ ಯಾವ ಕಡೆಯಿಂದ ಎಂದು ನೋಡುವಳು. ವಿಮಾನದ ಒಳಗಿನ ಮೀಟರುಗಳ ಚಿತ್ರವನ್ನು ಬೀರುವಿಗೆ ಅಂಟಿಸಿ, ಎದುರಿಗೆ ಮಣೆ ಹಾಕಿ ಕೂತು, ಪಾತ್ರೆಯ ಮುಚ್ಚಳವನ್ನೇ ಸ್ಟೀರಿಂಗ್ ಮಾಡಿಕೊಂಡು ವಿಮಾನ ಹಾರಿಸುವಳು. ಪಾಠ ಮುಗಿಸಿ ಬಂದಾಗಲೆಲ್ಲ "ಇವತ್ತು ಇಬ್ಬರ ಫೀಸು ಸುಟ್ಟೆ ಕಣೋ, ಇಬ್ಬರದ್ದು!" ಎಂದು ನಗುವಳು. ಮೋಡದ ಪಕ್ಕ ಹಾದುಹೋದದ್ದು, ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಮುಚ್ಚಳವಿಲ್ಲದ್ದು ಕಂಡದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವಳು. ಬೈಯುವುದನ್ನೂ ಕಡಿಮೆ ಮಾಡಿದ್ದಳು. ಕಲಿಯಲು ಬಂದವರು ಮೇಡಂಗೆ ಹುಷಾರಿಲ್ಲವಾ ಎಂದು ನನ್ನನ್ನು ಕೇಳುತ್ತಿದ್ದರು.

ಏರುವುದು, ತಿರುಗುವುದು, ರೇಡಿಯೋ, ಎಲ್ಲ ಸರಿಯಾಗಿ ಬಂತು. ಕೆಟ್ಟದ್ದು ಇಳಿಯುವುದರಲ್ಲಿ. ವಿಮಾನದಲ್ಲಿ ಪೆಡಲಿನ ಮೇಲ್ತುದಿ ಒತ್ತಿದರೆ ಬ್ರೇಕು. ಗಾಲಿ ನೆಲ ಮುಟ್ಟಿದಾಗ ಅದನ್ನು ಮುಟ್ಟಲೇಬಾರದು, ಮೊದಲು ವೇಗ ಇಳಿಯಲು ಬಿಡಬೇಕು. ಇವಳೋ, ಗಾಲಿ ತಗುಲಿದ ಕ್ಷಣಕ್ಕೆ ಎರಡೂ ಪಾದ ಊರಿ ಒತ್ತಿಬಿಡುವಳು. ಟೈರು ಕಿರ್ರೆಂದು ಅರಚುವುದು. ಹನ್ನೊಂದನೇ ಗಂಟೆಯಲ್ಲಿ ಒಂದು ಟೈರು ತೇದು ಚಪ್ಪಟೆಯಾಗಿ, ಅದರ ದುಡ್ಡನ್ನೂ ನಾವೇ ಕಟ್ಟಿದೆವು. ಅರ್ಧ ಗಂಟೆ ಹಾರುವಷ್ಟು ದುಡ್ಡು ಅಲ್ಲೇ ಹೋಯಿತು.

"ಕಾಲೇನು ನನ್ನ ಮಾತು ಕೇಳುತ್ತಾ? ಅದರ ಪಾಡಿಗೆ ಅದು ಹೋಗುತ್ತೆ," ಎಂದು ಅಕ್ಕ ಮನೆಯಲ್ಲಿ ತನ್ನ ತೊಡೆಗೆ ತಾನೇ ಗುದ್ದಿಕೊಂಡಳು. ಆ ಹೆಂಗಸು ಕಣ್ಣೊದ್ದೆ ಮಾಡಿಕೊಂಡದ್ದನ್ನು ಅಂದೇ ನಾನು ನೋಡಿದ್ದು. ಷರತ್ತು ಹಾಕಿದ ನನ್ನ ಬಾಯಿಗಿಷ್ಟು ಮಣ್ಣು ಹಾಕ ಎನ್ನಿಸಿತು, ಆದರೆ ಷರತ್ತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದದ್ದು ಕೊನೆಯ ಗಂಟೆ. ನಾನೂ ಹೋಗಿ ರನ್‌ವೇ ಪಕ್ಕದ ತಂತಿ ಬೇಲಿಗೆ ಒರಗಿ ನಿಂತೆ. ಮೊದಲನೇ ಸಲ ಇಳಿದಾಗ, ಕಿರ್ರ್! ಎರಡನೇ ಸಲವೂ ಕಿರ್ರ್! ಮೂರನೇ ಸಲ ಗಾಲಿ ಮೆತ್ತಗೆ ಕೂತು, ಹಾಗೇ ಉರುಳಿಕೊಂಡು ಹೋಯಿತು. ನಾಲ್ಕನೆಯದೂ ಹಾಗೆಯೇ, ಐದನೆಯದೂ. ಆಮೇಲೆ ವಿಮಾನ ಪಕ್ಕಕ್ಕೆ ಬಂದು ನಿಂತಿತು. ಬಲಗಡೆಯ ಬಾಗಿಲು ತೆರೆದು ಕ್ಯಾಪ್ಟನ್ ಇಳಿದ. ಅಕ್ಕ ಇಳಿಯಲಿಲ್ಲ.

"ಯಾಕ್ರೀ ಇಳಿದ್ರಿ? ಏನಾಯ್ತು?" ಎಂದು ಓಡಿದೆ.

"ನಾನೇ ಅಡ್ಡ ಆಗಿದ್ದೆ ನೋಡಿ," ಎಂದು ಅವನು ನಕ್ಕ. "ಅವರು ಎಡಗಡೆ, ನಾನು ಬಲಗಡೆ. ಕಾರಲ್ಲೂ ಹಾಗೇ ಇದ್ವಿ. ಇಳಿಯೋವಾಗ ನಾನು ಸ್ವಲ್ಪ ಕೈ ಅಲ್ಲಾಡಿಸಿದ್ರೂ ಸಾಕು, ಇವನೇನೋ ಎಡವಟ್ಟು ಮಾಡ್ತಾನೆ ಅಂತ ಅವರ ಕಾಲು ಬ್ರೇಕಿಗೆ ಹೋಗ್ತಿತ್ತು! ಇವತ್ತು ಮೂರನೇ ಸಲದಿಂದ ಸೀಟು ಹಿಂದಕ್ಕೆ ಸರಿಸಿ, ಕೈ ಕಟ್ಕೊಂಡು, ಉಸಿರು ಬಿಡದೆ ಕೂತೆ. ಮೂರೂ ಸಲ ಹೂವಿನ ಹಾಗೆ ಇಳಿಸಿದ್ರು."

"ಹಾಗಾದ್ರೆ ಈಗ?"

"ಈಗ ಅವರೊಬ್ಬರೇ."

ವಿಮಾನ ರನ್‌ವೇ ತುದಿಗೆ ಹೋಗಿ ತಿರುಗಿತು. ಕ್ಯಾಪ್ಟನ್ ಕೈಯಲ್ಲಿದ್ದ ರೇಡಿಯೋದಲ್ಲಿ ಅಕ್ಕನ ದನಿ ಬಂತು, ಸ್ವಲ್ಪವೂ ನಡುಗದ ದನಿ. ಓಡಿತು, ಓಡಿತು, ಎದ್ದಿತು! ಒಬ್ಬರ ಭಾರ ಕಡಿಮೆಯಾದ್ದಕ್ಕೆ ಪುರ್ರೆಂದು ಏರಿತು. "ಅಕ್ಕಾ! ಹೋಗೇ ಅಕ್ಕಾ!" ಎಂದು ನಾನು ಬೇಲಿ ಹಿಡಿದು ಕುಣಿದೆ. ಐವತ್ತರ ಹತ್ತಿರ ಬಂದ ಗಂಡಸು ಹೀಗೆ ಕುಣಿಯುವುದೇ ಎಂದು ಯಾರಾದರೂ ಅಂದುಕೊಂಡಿದ್ದರೆ ಅಂದುಕೊಳ್ಳಲಿ. ಅವಳು ಒಂದು ಸುತ್ತು ಹಾಕಿ ಬಂದು, ತಗ್ಗಿ, ಇನ್ನೂ ತಗ್ಗಿ, ನೆಲಕ್ಕೆ ಕೂತಳು. ಒಂದು ಸದ್ದಿಲ್ಲ. ಉದ್ದಕ್ಕೂ ಉರುಳಿ, ನಿಧಾನವಾಗಿ, ತಾನಾಗಿ ವೇಗ ಇಳಿಸಿಕೊಂಡಳು.

"ಉಳಿದ ಇಪ್ಪತ್ತು ಗಂಟೆಗೂ ಹೆಸರು ಬರ್ಕೊಳ್ರೀ!" ಎಂದು ಕ್ಯಾಪ್ಟನ್ನನ ಬೆನ್ನಿಗೆ ಒಂದು ಬಿಟ್ಟೆ. ದುಡ್ಡು ಎಲ್ಲಿಂದ ಎಂದು ನನಗೂ ಗೊತ್ತಿರಲಿಲ್ಲ.

ಇಂಜಿನ್ ನಿಂತಿತು. ಅಕ್ಕ ಮಾತ್ರ ಹೊರಗೆ ಬರಲಿಲ್ಲ. ಹತ್ತಿರ ಹೋಗಿ ಬಾಗಿಲು ತೆಗೆದರೆ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಕಣ್ಣೀರು ಧಾರಾಕಾರ.

"ಏನಾಯ್ತೇ? ಹೆದರಿಕೆ ಆಯ್ತಾ?"

"ಇಲ್ಲ ಕಣೋ," ಎಂದಳು. "ಇಪ್ಪತ್ತೊಂದು ವರ್ಷದಲ್ಲಿ ಮೊದಲನೇ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರನ್ನೂ ಕಾಪಾಡಬೇಕಾಗಿರಲಿಲ್ಲ. ಸುಮ್ಮನೆ ಕಿಟಕಿಯಿಂದ ಹೊರಗೆ ನೋಡಿದೆ."

ಇಳಿಸಿಕೊಳ್ಳಲು ಕೈ ಚಾಚಿದೆ.

"ಸ್ವಲ್ಪ ಹೊತ್ತು ಇರ್ತೀನಿ," ಎಂದಳು. ನಾನು ಬಾಗಿಲು ಮುಚ್ಚಿ ಹೊರಗೆ ನಿಂತೆ.