ಅಕರೋವಾದ ಬೇಕರಿಯಲ್ಲಿ ವಾಣಿಯ ಫ್ರೆಂಚ್

ಕ್ರೈಸ್ಟ್‌ಚರ್ಚ್‌ನಿಂದ ಸೈಕಲ್ ತುಳಿದು, ಕಾಡಿನ ನಡುವಿನ ಏರುದಾರಿ ದಾಟಿ, ಹಿಂದೆ ಫ್ರೆಂಚರು ನೆಲೆಸಿದ್ದ ಅಕರೋವಾ ತಲುಪಿದೆವು. ಇಲ್ಲಿಗೆ ಬರಲೆಂದೇ ನನ್ನ ಹೆಂಡತಿ ವಾಣಿ ಮೂರು ತಿಂಗಳು ಫೋನಿನಲ್ಲಿ ಫ್ರೆಂಚ್ ಕಲಿತಿದ್ದಳು. ಬೇಕರಿಯಲ್ಲಿ ಎರಡು ಕಾಫಿಯನ್ನು ಫ್ರೆಂಚಿನಲ್ಲೇ ಕೇಳಿದಳು.

ಬೇಕರಿಯ ಅಜ್ಜಿಯ ಮುಖ ಅರಳಿತು. ಒಳಗೆ ಹೋಗಿ ಹಳದಿಗಟ್ಟಿದ ಕೈಬರಹದ ಹಾಳೆಯೊಂದನ್ನು ತಂದು, "ನಮ್ಮ ಮುತ್ತಜ್ಜಿ ಬರೆದದ್ದು. ನಮಗ್ಯಾರಿಗೂ ಫ್ರೆಂಚ್ ಬರಲ್ಲ, ನೀವು ಓದಿ ಹೇಳ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ವಾಣಿ ಹಾಳೆಯನ್ನು ಬಹಳ ಹೊತ್ತು ನೋಡಿದಳು.

"ರೀ, ‘ಬೆಣ್ಣೆ’ ಅನ್ನೋದೊಂದೇ ಗೊತ್ತಾಗ್ತಿದೆ, ಏನು ಮಾಡ್ಲಿ?" ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು.

"ಅದನ್ನೇ ಹೇಳು," ಎಂದೆ.

ಹೇಳಿದಳು. ಅಜ್ಜಿ ತಂಗಿಗೆ ಫೋನ್ ಮಾಡಿದರು.

"ಮುತ್ತಜ್ಜಿ ಬರೆದದ್ದು ಪ್ರೇಮಪತ್ರ ಅಲ್ವಂತೆ ಕಣೇ. ಕೇಕ್ ಮಾಡೋ ವಿಧಾನವಂತೆ. ನಿನ್ನ ಮನೇಲಿ ಫ್ರೇಮು ಹಾಕಿಸಿಟ್ಟಿರೋ ಅದರ ನಕಲನ್ನ ಗೋಡೆಯಿಂದ ಇಳಿಸಿಬಿಡು."