ಹೆಪ್ಪುಗಟ್ಟದ ರಕ್ತ

ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಅದು ಯಾರಿಗೂ ಸುದ್ದಿಯಾಗಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಮುದ್ದೆ ಗಂಟಾಗಿದೆ ಎಂದು ಒಲೆಯ ಪಕ್ಕದ ಸೌದೆ ಎತ್ತಿ ಹಣೆಗೆ ಬೀಸಿದ. ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕೆನ್ನೆಗಿಳಿಯಿತು. ನಾನು ಹಳೆಯ ಸೀರೆಯ ಚೂರು ಮಡಚಿ ಗಾಯಕ್ಕೆ ಒತ್ತಿ ಹಿಡಿದೆ. ಹಿಡಿದಷ್ಟು ಹೊತ್ತೂ ನನ್ನ ಕಣ್ಣು ಕೈಗಡಿಯಾರದ ಮೇಲಿತ್ತು. ಅವ್ವ ಅದನ್ನು ನೋಡಿ ಮುಖ ತಿರುಗಿಸಿದಳು. ನನಗೆ ನಾಚಿಕೆಯಾಯಿತು. ಏನು ಮಾಡಲಿ, ಅಭ್ಯಾಸವಾಗಿಬಿಟ್ಟಿತ್ತು.

ಅರವತ್ತರ ದಶಕದ ಕೊನೆಯ ವರ್ಷಗಳವು. ಬಿ.ಎಸ್ಸಿ. ಮುಗಿಸಿ ಹೆಬ್ಬಾಳದ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದೆ. ನನ್ನ ಕೆಲಸವೆಂದರೆ ರಕ್ತ. ಕೆರೆಯ ಮೀನಿನದು, ಕಪ್ಪೆಯದು, ಕೋಳಿಯದು, ಕಸಾಯಿಖಾನೆಯಲ್ಲಿ ಕತ್ತು ಕುಯ್ದ ಕುರಿಯದು. ಬಿಸಿಯಾಗಿ ಚಿಮ್ಮುವುದನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಎಷ್ಟು ಹೊತ್ತಿಗೆ ಹೆಪ್ಪುಗಟ್ಟಿತು ಎಂದು ಬರೆಯಬೇಕು. ಮೊದಲ ವಾರ ನನಗೆ ಊಟ ಸೇರಲಿಲ್ಲ.

ಅಲ್ಲಿನ ಮೇಷ್ಟ್ರು ನಿಧಾನವಾಗಿ ವಿವರಿಸುತ್ತಿದ್ದರು. ರಕ್ತದಲ್ಲಿ ಹತ್ತು ಹನ್ನೆರಡು ಪದಾರ್ಥಗಳು ನಿದ್ದೆ ಮಾಡುತ್ತಿರುತ್ತವೆ. ಗಾಯವಾದರೆ ಒಂದು ಎದ್ದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ರಕ್ತ ಗಟ್ಟಿಯಾಗುತ್ತದೆ. ಇವನ್ನು ತಡೆದು ನಿಲ್ಲಿಸುವ ಪದಾರ್ಥಗಳೂ ಬೇರೆ ಇವೆ. ಇಲ್ಲದಿದ್ದರೆ ಒಂದು ಮುಳ್ಳು ಚುಚ್ಚಿದರೂ ಮೈಯ ರಕ್ತವೆಲ್ಲ ಹೆಪ್ಪಾಗಿಬಿಡುತ್ತಿತ್ತು. ಇಷ್ಟು ತೊಡಕಿನ ಏರ್ಪಾಡು ಬಂದದ್ದಾದರೂ ಹೇಗೆ ಎಂದು ಒಮ್ಮೆ ಕೇಳಿದೆ.

"ಒಂದೇ ಸಲಕ್ಕೆ ಬರ್ಲಿಲ್ಲ ಕಣಮ್ಮ," ಎಂದರು. "ಹೊಟ್ಟೇಲಿ ಮಾಂಸ ಅರಗಿಸೋ ರಸ ಇದ್ಯಲ್ಲ, ಇವೆಲ್ಲ ಅದರ ದಾಯಾದಿಗಳು. ಯಾವುದೋ ಕಾಲದಲ್ಲಿ ಹಳೇದರದ್ದು ಒಂದು ನಕಲು ಹೆಚ್ಚಿಗೆ ಹುಟ್ಕೊಳ್ತು. ಹಳೇದು ತನ್ನ ಕೆಲಸ ಮಾಡ್ತಾನೇ ಇತ್ತು, ನಕಲು ಸ್ವಲ್ಪ ಬದಲಾಗಿ ಬೇರೆ ಕೆಲಸಕ್ಕೆ ಒದಗ್ತು. ಆಮೇಲೆ ಅದಕ್ಕೊಂದು ನಕಲು. ರಕ್ತ ಸೋರಿ ಸತ್ತೋವು ಎಷ್ಟೋ, ಹೆಪ್ಪು ಜಾಸ್ತಿಯಾಗಿ ಸತ್ತೋವು ಎಷ್ಟೋ. ಉಳಿದೋವ್ರ ಮಕ್ಕಳು ನಾವು."

ಅದೇ ಭಾನುವಾರ ಮಧ್ಯಾಹ್ನ ಬದುವಿನ ಹುಲ್ಲು ಕೊಯ್ಯುವಾಗ ಅಪ್ಪನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಅಪ್ಪ ಕುಡುಗೋಲಿನಿಂದ ಹಾವನ್ನು ತುಂಡು ತುಂಡು ಮಾಡಿ, ಇನ್ನೊಂದು ಕಾಲಿನಲ್ಲಿ ತುಂಡುಗಳನ್ನು ತುಳಿದು, ಕುಂಟುತ್ತ ಮನೆಗೆ ಬಂದ. ವಿಷ ಇಳಿಯಲಿ ಎಂದು ಚಿಕ್ಕಪ್ಪ ಕ್ಷೌರದ ಕತ್ತಿಯಿಂದ ಕಚ್ಚಿದ ಜಾಗವನ್ನು ಸೀಳಿದ. ಸೀಳಿದ್ದೇ ಕೇಡಾಯಿತು. ರಕ್ತ ನಿಲ್ಲಲಿಲ್ಲ. ಚಾಪೆ ನೆನೆದು ನೆಲಕ್ಕೆ ಹರಿಯಿತು. ಗಂಟೆ ಕಳೆಯುವುದರಲ್ಲಿ ಒಸಡಿನಿಂದಲೂ ಒಸರತೊಡಗಿತು.

ಚಿಕ್ಕಪ್ಪ ಕೋಗಿಲು ಹಳ್ಳಿಯಲ್ಲಿ ವಿಷಕ್ಕೆ ಸೊಪ್ಪಿನ ರಸ ಕೊಡುವವನ ಹತ್ತಿರ ಹೋಗೋಣವೆಂದು ಗಾಡಿ ಹೂಡಲು ಹೊರಟ. ಆಸ್ಪತ್ರೆಗೆ ಹೋಗೋಣ ಎಂದು ನಾನು ಅಪ್ಪನ ಕಾಲು ಹಿಡಿದೆ. ಅವನು ಒಳ್ಳೆಯ ಕಾಲಿನಿಂದ ನನ್ನ ಎದೆಗೆ ಒದ್ದ. ನಾನು ಗೋಡೆಗೆ ಹೋಗಿ ಬಿದ್ದೆ.

ಕಪ್ಪೆಯ ರಕ್ತಕ್ಕೆಂದು ತಂದಿದ್ದ ಎರಡು ನಳಿಕೆಗಳು ನನ್ನ ಚೀಲದಲ್ಲಿದ್ದವು. ಎದ್ದು ಹೋಗಿ ಒಂದರಲ್ಲಿ ಅಪ್ಪನ ರಕ್ತ ಹಿಡಿದೆ. ಹೋಲಿಸಿ ನೋಡಲೆಂದು ಇನ್ನೊಂದರಲ್ಲಿ ನನ್ನದೇ ಹಿಡಿಯಲು ಸೂಜಿ ತೆಗೆದಾಗ ಅವ್ವ ತೋಳು ಮುಂದಿಟ್ಟಳು.

"ನಂದು ತಗಾ," ಎಂದಳು.

ಎರಡನ್ನೂ ಗೂಡಿನಲ್ಲಿ ನಿಲ್ಲಿಸಿ ಕಾದೆ. ಅಷ್ಟು ಉದ್ದದ ಇಪ್ಪತ್ತು ನಿಮಿಷ ನನ್ನ ಬದುಕಿನಲ್ಲಿ ಬೇರೆ ಬಂದಿಲ್ಲ. ಚಿಕ್ಕಪ್ಪ ನನ್ನ ಜಡೆ ಹಿಡಿದು ಎಳೆದ. "ಅಣ್ಣ ಸಾಯ್ತಾವ್ನೆ, ನೀನು ರಕ್ತ ನೋಡ್ಕಂಡು ಕುಂತಿದ್ದೀಯಾ?"

ಅವ್ವನ ನಳಿಕೆಯನ್ನು ಅವನ ಮುಂದೆ ಬಗ್ಗಿಸಿದೆ. ರಕ್ತ ಗಟ್ಟಿ ಮೊಸರಿನಂತೆ ಅಲುಗಲಿಲ್ಲ. ಅಪ್ಪನದನ್ನು ಬಗ್ಗಿಸಿದೆ. ನೀರಿನಂತೆ ಹರಿದು ನನ್ನ ಅಂಗೈ ತುಂಬಿತು. ಚಿಕ್ಕಪ್ಪ ಜಡೆ ಬಿಟ್ಟ. ರಸ್ತೆಗೆ ಓಡಿ ಇಟ್ಟಿಗೆ ಲಾರಿಯೊಂದನ್ನು ಅಡ್ಡಗಟ್ಟಿದ.

ಲಾರಿಯಲ್ಲಿ ಅಪ್ಪ ರಕ್ತ ಕಾರಿಕೊಂಡ, ನಮ್ಮನ್ನು ಪರಚಿದ, ಬೈದ. ಅವ್ವ ಅವನ ಎದೆಯ ಮೇಲೆ ಮೈಯೆಲ್ಲ ಹೇರಿ ಅದುಮಿ ಹಿಡಿದಿದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ಪ್ರತಿವಿಷ ಕೊಟ್ಟರು. ಮಾರನೆಯ ದಿನ ಬೆಳಿಗ್ಗೆ ಅವನ ರಕ್ತ ನಳಿಕೆಯಲ್ಲಿ ಹೆಪ್ಪುಗಟ್ಟಿತು. ನಾನು ವಾರ್ಡಿನ ಹೊರಗೆ ಕೂತು ಅತ್ತೆ.

ವಿಷವು ಹೆಪ್ಪುಗಟ್ಟುವುದನ್ನು ತಡೆದಿರಬೇಕು ಎಂದುಕೊಂಡಿದ್ದೆ. ಹಾಗಲ್ಲ ಎಂದರು ಮೇಷ್ಟ್ರು. ಅದು ಒಂದನ್ನೊಂದು ಎಬ್ಬಿಸುವ ಆ ಪದಾರ್ಥಗಳ ಸಾಲಿನ ನಡುವೆ ನುಗ್ಗಿ ಎಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಗಾಯವಿಲ್ಲದ ಕಡೆಯೆಲ್ಲ ಹೆಪ್ಪಿನ ಸಾಮಗ್ರಿ ಖರ್ಚಾಗಿ, ಬೇಕಾದಲ್ಲಿ ಏನೂ ಉಳಿಯುವುದಿಲ್ಲ. ಅರಗಿಸುವ ರಸದ ನಕಲುಗಳು ಹಾವಿನ ಬಾಯಲ್ಲೂ ಬೇರೆ ದಾರಿ ಹಿಡಿದು ಬೆಳೆದಿವೆಯಂತೆ. ಕೊಲ್ಲುವುದೂ ಕಾಯುವುದೂ ಒಂದೇ ಮನೆತನದವು ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು.

ಪಾದದ ಮಾಂಸ ಕೊಳೆತು, ಎರಡು ಬೆರಳು ತೆಗೆಸಿಕೊಂಡು ಅಪ್ಪ ಮನೆಗೆ ಬಂದ. ತಿಂಗಳು ಸುಮ್ಮನಿದ್ದ. ಆಮೇಲೊಂದು ಸಂಜೆ ಊರುಗೋಲಿನಿಂದಲೇ ಅವ್ವನ ಬೆನ್ನಿಗೆ ಬಾರಿಸಿದ. ಅವ್ವ ತಿರುಗಿ ಊರುಗೋಲು ಕಿತ್ತುಕೊಂಡು ಅವನ ಮೊಣಕಾಲಿಗೆ ಒಂದು ಏಟು ಕೊಟ್ಟು, ಕೋಲನ್ನು ಅಂಗಳಕ್ಕೆ ಎಸೆದು, ಹೊರಡಲು ತನ್ನ ಸೀರೆಗಳನ್ನು ಗಂಟು ಕಟ್ಟಿದಳು.

"ಅವತ್ತು ಉಳಿಸಿದ್ದು ತಪ್ಪಲ್ಲ ಕಣೆ," ಎಂದಳು ನನಗೆ. "ಇನ್ನೂ ಒಡಿಸ್ಕಂಡು ಇದ್ರೆ ಅದು ತಪ್ಪು."

ಯಶವಂತಪುರದಲ್ಲಿ ನಾನು ನಮ್ಮಿಬ್ಬರಿಗೆ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಅಪ್ಪ ಚಿಕ್ಕಪ್ಪನ ಮನೆಯಲ್ಲಿ ಎಷ್ಟೋ ವರ್ಷ ಬದುಕಿದ. ಅವ್ವ ಒಂದು ಸಲವೂ ನೋಡಲು ಹೋಗಲಿಲ್ಲ.