ಬಾಯಿಬಿಟ್ಟು ಹೇಳದ ಹೆಸರು

ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಾಗ ಏನು ಓದುತ್ತಿದ್ದೇನೆ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕಂಪ್ಯೂಟರ್ ಸೆಕ್ಯುರಿಟಿ ಎಂದೆ. ಅತ್ತೆ ಮೊದಲ ಶಬ್ದವನ್ನು ಬಿಟ್ಟು ಎರಡನೆಯದನ್ನಷ್ಟೇ ಹಿಡಿದುಕೊಂಡರು.

“ಸೆಕ್ಯುರಿಟಿ ಅಂದ್ರ ಬ್ಯಾಂಕಿನ ಬಾಗಿಲಾಗ ಬಂದೂಕ ಹಿಡಕೊಂಡು ನಿಂದರ್ತಾರಲ್ಲ, ಅದಾ? ಅದಕ್ಕ ಇಷ್ಟು ಓದಬೇಕೇನು?”

ಹೌದೆಂದುಬಿಟ್ಟೆ. ವಿವರಿಸಲು ನಿಂತರೆ ಒಲೆಯ ಮೇಲಿನ ಬೇಳೆ ಸೀದುಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಡಾಕ್ಟರೇಟ್ ಬಂದರೆ ಬಡ್ತಿ ಸಿಗುತ್ತದೆ ಎಂದು ಸಹೋದ್ಯೋಗಿಗಳು ಲೆಕ್ಕ ಹಾಕುತ್ತಿದ್ದರು. ನನಗೆ ಬಡ್ತಿಗಿಂತ ಬೇರೆ ಆಸೆಯಿತ್ತು. ಇದನ್ನು ನಾನು ಕಂಡುಕೊಂಡೆ ಎಂದು ತೋರಿಸಲು ಜೀವನದಲ್ಲಿ ಒಂದಾದರೂ ವಿಷಯ ಬೇಕಿತ್ತು. ಮನೆಯಲ್ಲಿ ಸೊಸೆ, ಕಾಲೇಜಿನಲ್ಲಿ ಮೇಡಂ; ನನ್ನದು ಎನ್ನುವುದು ಎಲ್ಲಿಯೂ ಇರಲಿಲ್ಲ.

ಸಂಶೋಧನಾ ಸಮಿತಿಯ ಮುಂದೆ ಮೊದಲ ಸಲ ನಿಂತಾಗ, ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಒಂದು ಗಣಿತವನ್ನು ಮಂಡಿಸಿದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕದ ಮೇಲಿನಿಂದ ನೋಡಿ, “ಇದನ್ನ ಜಗತ್ತೆಲ್ಲಾ ಮಾಡ್ಯಾದರಿ. ಇದರಾಗ ನಿಮ್ದು ಏನದ?” ಎಂದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವರು ಕೇಳಿದ್ದು ಸರಿಯೇ ಆಗಿದ್ದರೆ ಸಿಟ್ಟು ಮಾಡಿಕೊಂಡು ಏನು ಮಾಡುವುದು? ಹೊರಗೆ ಬಂದ ಮೇಲೆ ನನ್ನ ಮಾರ್ಗದರ್ಶಕರು ಮೆಲ್ಲಗೆ ಹೇಳಿದರು: “ಮುಂದಿನ ಸಭಿಗೂ ಇದೇ ಆದ್ರ ರಿಜಿಸ್ಟ್ರೇಶನ್ ಹೋಗ್ತದ ನೋಡ್ರಿ. ಹೊಸಾದು ಏನರ ತರ್ರಿ.” ಅಂದು ನೆಹರು ಗಂಜ್ ಮಾರುಕಟ್ಟೆಯ ತೊಗರಿ ಧೂಳಿನಲ್ಲಿ ಸೀನುತ್ತ ಮನೆಗೆ ನಡೆದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಧೂಳಿನ ನೆಪ ಸಿಕ್ಕಿತು.

ಅದೇ ಹೊತ್ತಿಗೆ ನಮ್ಮ ಕಾಲೇಜಿನವರು ಕಮಲಾಪುರದ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ರವಿವಾರದ ಕಂಪ್ಯೂಟರ್ ತರಗತಿ ಶುರುಮಾಡಿದರು. ರವಿವಾರ ಬಿಟ್ಟುಕೊಡಲು ಬೇರೆ ಯಾರೂ ತಯಾರಿರಲಿಲ್ಲವಾದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ಹೋಗುವಾಗ ಗೊಣಗುತ್ತ ಹೋಗಿ, ಬರುವಾಗ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ನಗುತ್ತ ಬರುತ್ತಿದ್ದೆ. ಅಲ್ಲಿನ ಹೆಂಗಸರು ಅಷ್ಟು ಚುರುಕು, ಅಷ್ಟು ಮಾತು.

ಒಂದು ರವಿವಾರ ಪಾಸ್‌ವರ್ಡ್ ಪಾಠ ಬಂತು. ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಒಂದು ಬೀಗದ ಶಬ್ದ ಇಟ್ಟುಕೊಳ್ಳಬೇಕು. ಪುಸ್ತಕದಲ್ಲಿದ್ದುದನ್ನು ಅವರ ಮಾತಿಗೆ ತಿರುಗಿಸಿ ಹೇಳಿದೆ: “ಪಾಸ್‌ವರ್ಡ್ ಅಂದ್ರ, ಯಾರ ಮುಂದೂ ಬಾಯಿಬಿಟ್ಟು ಹೇಳಬಾರದ ಶಬ್ದರಿ.”

ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಸೆರಗು ಬಾಯಿಗೆ ಹೋಯಿತು. ಆಮೇಲೆ ನನ್ನನ್ನು ಇನ್ನೊಂದು ಮಾತೂ ಕೇಳದೆ ಸರಸರನೆ ಒತ್ತಿ ಮುಗಿಸಿದರು. ಪಾಠ ಇಷ್ಟು ಬೇಗ ತಲೆಗೆ ಹೋಯಿತಲ್ಲ ಎಂದು ನಾನು ಬೀಗಿದೆ.

ಮುಂದಿನ ವಾರ ಒಬ್ಬಾಕೆ ಬಂದಿರಲಿಲ್ಲ. ಆಕೆ ಕಂಪ್ಯೂಟರಿನಲ್ಲಿ ಮಾಡಿಟ್ಟ ಕೆಲಸ ಎಲ್ಲರಿಗೂ ಬೇಕಿತ್ತು. “ತಡೀರಿ ಅಕ್ಕೋರ, ನಾ ತಗೀತೀನಿ,” ಎನ್ನುತ್ತ ಆಕೆಯ ನೆರೆಮನೆಯಾಕೆ ಕುಳಿತು, ಒಂದೇ ಏಟಿಗೆ ತೆರೆದಳು.

“ನಿಮಗ ಹ್ಯಾಂಗ ಗೊತ್ತಾತು?”

“ಆಕಿ ಗಂಡನ ಹೆಸರು ನನಗ ಗೊತ್ತಿಲ್ಲೇನ್ರಿ? ದಿನಾ ನಮ್ಮ ಕಟ್ಟಿ ಮ್ಯಾಲೇ ಕುಂದರ್ತಾರ!”

ಕೋಣೆ ತುಂಬ ನಗೆ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ಸಾಲಿನ ಕೊನೆಗೆ ಮೆಲ್ಲಗೆ ಸೇರಿಸಬೇಕು. ಬಾಯಿಬಿಟ್ಟು ಹೇಳಬಾರದ ಶಬ್ದ ಇಡಿ ಎಂದು ನಾನು ಹೇಳಿದ್ದೆ. ಎಲ್ಲರೂ ಅದನ್ನೇ ಇಟ್ಟಿದ್ದರು. ನೆರೆಮನೆಯಾಕೆಗೆ ಹುರುಪು ಬಂತು. ಒಬ್ಬೊಬ್ಬರ ಗಂಡನ ಹೆಸರನ್ನೂ ಒತ್ತಿ ಒತ್ತಿ ಇಡೀ ತರಗತಿಯ ಬೀಗಗಳನ್ನು ತೆಗೆಯುತ್ತ ಬಂದಳು.

ಕಿಟಕಿಯ ಪಕ್ಕ ಕೂರುತ್ತಿದ್ದ ಒಬ್ಬಾಕೆಯದು ಮಾತ್ರ ತೆರೆಯಲಿಲ್ಲ. ಆಕೆ ಹೊಲಿಗೆ ಮಾಡಿ ಬದುಕುತ್ತಿದ್ದ ವಿಧವೆ. ತೀರಿಹೋದ ಗಂಡನ ಹೆಸರು ಹಾಕಿ ನೋಡಿದರು. ಮಗಳದು, ಮನೆದೇವರದು, ಕೊನೆಗೆ ಆಕೆ ಸಾಕಿದ ಆಡಿನದು ಕೂಡ. ಆಕೆ ನಗುತ್ತ ಕುಳಿತಿದ್ದಳು.

“ಅಕ್ಕೋರ, ನಮ್ಮವ್ರ ಹೆಸರು ನಾ ಈಗ ಬಾಯ್ತುಂಬ ಹೇಳ್ತೀನ್ರಿ. ರೇಶನ್ ಅಂಗಡ್ಯಾಗ ಹೇಳು, ಪೆನ್ಶನ್ ಆಫೀಸ್ನ್ಯಾಗ ಹೇಳು, ಹೇಳಿ ಹೇಳಿ ಅದು ಸವದು ಹೋಗ್ಯಾದ. ಅದು ಗುಟ್ಟು ಹ್ಯಾಂಗಾಗ್ತದ?”

“ಹಂಗಾರ ಏನಿಟ್ಟಿ? ಹೇಳವ್ವಾ!” ಎಂದು ಎಲ್ಲರೂ ಗಂಟುಬಿದ್ದರು.

“ಹೇಳಬ್ಯಾಡ್ರಿ ಅಂತ ಅಕ್ಕೋರೇ ಹೇಳ್ಯಾರ,” ಎಂದು ಆಕೆ ನನ್ನ ಕಡೆ ನೋಡಿದಳು. ಗಂಡನ ಹೆಸರನ್ನು ಹೇಳಬಾರದಾಗಿದ್ದ ದಿನಗಳೇ ಆಕೆಗೆ ಸುಖದ ದಿನಗಳಾಗಿದ್ದವೇನೋ ಎನಿಸಿತು.

ಅಂದು ಮರಳುವ ಬಸ್ಸಿನಲ್ಲಿ ತರಗತಿಯ ಇನ್ನೊಬ್ಬಾಕೆಯೂ ಇದ್ದಳು. ಆಕೆಯ ಓಣಿಯವನೇ ಆದ ಕಂಡಕ್ಟರ್ ಬಂದಾಗ, “ನಮ್ಮ ಮನಿಯವ್ರ ಹೆಸರಿನ ಗುಡಿ ಹತ್ರ ಇಳಸ್ರಿ,” ಎಂದಳು. ಆತ ತಲೆಯೆತ್ತದೆ, “ಕಲಬುರಗಿ ದೊಡ್ಡ ಗುಡೀಗಿ ರಿಕ್ಷಾ ಹಿಡೀಬೇಕು ಯಕ್ಕಾ, ಬಸ್ಸು ಅಲ್ಲೀತನಾ ಹೋಗಂಗಿಲ್ಲ,” ಎಂದು ಟಿಕೆಟ್ ಹರಿದುಕೊಟ್ಟ. ಆಕೆ ಹೆಸರು ಹೇಳಲಿಲ್ಲ, ಆತ ಕೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು.

ಬಸ್ಸಿನಲ್ಲೇ ಎದ್ದು ನಿಲ್ಲುವಷ್ಟು ಖುಷಿಯಾಯಿತು ನನಗೆ. ಹೇಳಬಾರದ್ದು ಬೇರೆ, ತಿಳಿಯಬಾರದ್ದು ಬೇರೆ! ನಮ್ಮ ಪುಸ್ತಕಗಳೆಲ್ಲ ಯಾರಿಗೂ ಹೇಳಬೇಡಿ ಎಂದು ಬರೆದು ಕೈತೊಳೆದುಕೊಂಡಿದ್ದವು. ಇಲ್ಲಿ ಯಾರೂ ಹೇಳದ ಮಾತು ಊರಿಗೆಲ್ಲ ಗೊತ್ತು. ಪಾಠ ಹೇಳುವವರ ಸೂಚನೆಯಲ್ಲಿ ಒಂದು ಶಬ್ದ ಬದಲಾದರೆ ಬೀಗವೇ ಬದಲಾಗುತ್ತದೆ, ಮತ್ತು ಇದನ್ನು ಪರೀಕ್ಷೆ ಮಾಡಿ ತೋರಿಸಬಹುದು.

ಮುಂದಿನ ವಾರ ನನ್ನ ಸಾಲನ್ನು ತಿದ್ದಿದೆ: “ಯಾರಿಗೂ ಹೊಳೀಬಾರದ ಶಬ್ದ ಇಡ್ರಿ.” ಹಾಗಾದರೆ ನೆನಪಿಡುವುದು ಹೇಗೆ ಎಂದು ಕೇಳಿದರು. ಒಡಪು ಕಟ್ಟಿರಿ, ಆದರೆ ಅದರಲ್ಲಿ ಯಾರ ಹೆಸರೂ ಬೇಡ, ಸಾಲಿನ ಒಂದೊಂದು ಶಬ್ದದ ಮೊದಲ ಅಕ್ಷರ ಮಾತ್ರ ಒತ್ತಿರಿ ಎಂದೆ. ರೊಟ್ಟಿ ಬಡಿಯುತ್ತ, ಬಟ್ಟೆ ಒಗೆಯುತ್ತ ವಾರವಿಡೀ ಒಡಪು ಕಟ್ಟಿಕೊಂಡು ಬಂದರು. ನೆರೆಮನೆಯಾಕೆ ಕುಳಿತು ಕುಳಿತು ಸೋತಳು. ಒಂದು ಬೀಗವೂ ತೆರೆಯಲಿಲ್ಲ. ಆಕೆ ಮುಖ ಊದಿಸಿಕೊಂಡದ್ದನ್ನು ಕಂಡು ನಾನು ಮಗುವಿನಂತೆ ಚಪ್ಪಾಳೆ ತಟ್ಟಿದೆ. ಅವರ ಒಪ್ಪಿಗೆ ಕೇಳಿ, ಬೇರೆ ತರಗತಿಗಳಲ್ಲೂ ಎರಡೂ ಸೂಚನೆಗಳನ್ನು ಕೊಟ್ಟು ನೋಡಿದೆ. ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ಬಂತು.

ಸಮಿತಿಯ ಸಭೆ ಬಂತು. ಒಡಪು ಎನ್ನುವ ಶಬ್ದ ಕೇಳಿ ಒಬ್ಬರು ನಕ್ಕರು. ಹಿರಿಯರು ನಗಲಿಲ್ಲ. ಕೊನೆಯವರೆಗೆ ಕೇಳಿಸಿಕೊಂಡು, “ಎಲ್ಲಾ ಖರೆ. ಆ ಹೊಲಿಗಿ ಹೆಣ್ಣುಮಗಳ ಪಾಸ್‌ವರ್ಡ್ ಏನಿತ್ರಿ?” ಎಂದರು.

“ನನಗ ಗೊತ್ತಿಲ್ರಿ ಸರ್.”

“ಸಂಶೋಧನಾ ಮಾಡಾಕತ್ತವ್ರು ನೀವು. ಕೇಳಿಲ್ಲಾ?”

“ಕೇಳಿದ್ರ ಅದು ಪಾಸ್‌ವರ್ಡ್ ಆಗಿ ಉಳೀತಿದ್ದಿಲ್ರಿ ಸರ್.”

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಪಕ್ಕದವರ ಕಡೆ ತಿರುಗಿ, “ಮುಂದುವರಸಲಿ,” ಎಂದರು.

ಆ ರವಿವಾರ ಕಮಲಾಪುರಕ್ಕೆ ಹೋದವಳೇ ಕಿಟಕಿಯ ಪಕ್ಕಕ್ಕೆ ನಡೆದೆ. “ನಿಮ್ಮಿಂದ ನನ್ನ ಓದು ಉಳೀತ್ರಿ,” ಎಂದೆ. ಹೇಳುವಾಗ ಅಳು ಬಂತು, ಬರಲಿ ಎಂದು ಬಿಟ್ಟೆ. ಆಕೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಗ್ಗಿದಳು.

“ಏನಿಟ್ಟಿದ್ದೆ ಅಂತ ನಿಮಗೊಬ್ರಿಗೇ ಹೇಳ್ಲೇನ್ರಿ ಅಕ್ಕೋರ?”

ನಾನು ಎರಡೂ ಕಿವಿ ಮುಚ್ಚಿಕೊಂಡೆ. “ಬ್ಯಾಡ್ರಿ ಯವ್ವಾ, ಬ್ಯಾಡ! ನಾ ಇನ್ನ ಥೀಸಿಸ್ ಬರೀಬೇಕು!”